ಬೀದಿ ಬೆಕ್ಕಿಗೊಂದು ಒಣ ಗೂಡು: ಮನೆಯಲ್ಲೇ ಮಾಡುವುದು ಹೇಗೆ?

ಮೊದಲ ಸಲ ಗೂಡು ಮಾಡಿದಾಗ ಒಳಗೆ ಹಳೆಯ ಬೆಡ್‌ಶೀಟ್ ಮಡಚಿ ಹಾಸಿದ್ದೆ. ಬೆಂಗಳೂರಿನಲ್ಲಿ ಆಗಸ್ಟ್ ತಿಂಗಳು, ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ. ಪಕ್ಕದ ಖಾಲಿ ಸೈಟಿನಲ್ಲಿ ಓಡಾಡುವ ಕಂದು ಪಟ್ಟೆಯ ಬೆಕ್ಕು ಮೊದಲ ಎರಡು ರಾತ್ರಿ ಅದರಲ್ಲೇ ಮಲಗಿತು. ಮೂರನೇ ದಿನ ನೋಡಿದರೆ ಗೂಡು ಬಿಟ್ಟು ನಮ್ಮ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಮುದುಡಿ ಕೂತಿದೆ. ಗೂಡಿಗೆ ಕೈ ಹಾಕಿದೆ. ಬೆಡ್‌ಶೀಟ್ ಹಿಂಡಿದರೆ ನೀರು ಬರುವಷ್ಟು ಒದ್ದೆ, ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಮಳೆಯಲ್ಲಿ ನೆನೆದು ಬಂದ ಬೆಕ್ಕಿನ ಮೈಯ ನೀರೆಲ್ಲ ಬಟ್ಟೆಗೆ ಇಳಿದಿತ್ತು. ಬೆಚ್ಚಗಿರಲಿ ಅಂತ ಹಾಕಿದ ಬಟ್ಟೆಯೇ ಅದರ ಮೈಬಿಸಿ ಎಳೆದುಕೊಳ್ಳುತ್ತಿತ್ತು.

ಅಂದಿನಿಂದ ಗೂಡು ಮಾಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರೊಳಗೆ ನೀರು ಎಲ್ಲೆಲ್ಲಿಂದ ಬರಬಹುದು? ಬೆಕ್ಕಿನ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಮೈ ಒಣಗಿದ್ದು ಗಾಳಿ ತಾಗದಿದ್ದರೆ ನಮ್ಮ ಕಡೆಯ ಡಿಸೆಂಬರ್ ಚಳಿಯನ್ನು ಆರೋಗ್ಯವಾಗಿರುವ ದೊಡ್ಡ ಬೆಕ್ಕು ತಡೆದುಕೊಳ್ಳುತ್ತದೆ. ತುಪ್ಪಳ ನೆನೆದರೆ ಕಷ್ಟ. ಮರಿಗಳ ವಿಷಯ ಬೇರೆಯೇ. ಹುಟ್ಟಿದ ಮೊದಲ ಮೂರ್ನಾಲ್ಕು ವಾರ ಅವಕ್ಕೆ ತಮ್ಮ ಮೈಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ. ತಾಯಿ ಊಟ ಹುಡುಕಿಕೊಂಡು ಹೋದ ಹೊತ್ತಿನಲ್ಲಿ ಒದ್ದೆ ನೆಲದ ಮೇಲಿರುವ ಮರಿ ತಣ್ಣಗಾಗಿ ಸಾಯಬಹುದು. ನಾನು ಇದನ್ನು ಬರೆಯಲು ಕೂತಿದ್ದೇ ಅವುಗಳಿಗಾಗಿ.

ಇಲ್ಲಿ ಹೇಳುತ್ತಿರುವುದು ಜನರನ್ನು ಕಂಡರೆ ಓಡುವ, ಕೈಗೆ ಸಿಗದ ಬೆಕ್ಕುಗಳ ಬಗ್ಗೆ. ಇವನ್ನು ಹಿಡಿದು ಮನೆಯೊಳಗೆ ಕೂಡಿದರೆ ಹೆದರಿ ಪರದೆ ಹತ್ತುತ್ತವೆ, ಊಟ ಬಿಡುತ್ತವೆ. ಅವು ಇರುವಲ್ಲೇ ಒಂದು ಆಸರೆ ಮಾಡಿಕೊಡುವುದು ಒಳ್ಳೆಯದು.

ಪೆಟ್ಟಿಗೆ ಎಲ್ಲಿ ಸಿಗುತ್ತದೆ?

ಮೀನಿನ ಅಂಗಡಿಯಲ್ಲಿ. ಕರಾವಳಿಯಿಂದ ಐಸ್ ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಐಸ್ ಕರಗದಂತೆ ತಡೆಯುವ ಗೋಡೆಯೇ ಬೆಕ್ಕಿನ ಮೈಬಿಸಿಯನ್ನೂ ಹೊರಗೆ ಬಿಡುವುದಿಲ್ಲ. ನಾನು ಹೋಗಿ, "ಅಣ್ಣ, ಈ ಖಾಲಿ ಡಬ್ಬ ಕೊಡ್ತೀರಾ?" ಅಂತ ಕೇಳಿದೆ. "ಎಷ್ಟ್ ಬೇಕಾದ್ರೂ ತಗೊಂಡ್ಹೋಗಿ ಮೇಡಂ, ಬಿಸಾಡೋಕೆ ಜಾಗ ಇಲ್ಲ" ಅಂದರು. ಮಂಗಳೂರಿನ ದಕ್ಕೆಯಲ್ಲೋ ಮಲ್ಪೆಯಲ್ಲೋ ಇರುವವರಿಗಂತೂ ಇದು ಹುಡುಕುವ ವಸ್ತುವೇ ಅಲ್ಲ.

ತಂದ ಕೂಡಲೇ ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು, ಅಡುಗೆ ಸೋಡಾ ಉಜ್ಜಿ, ಎರಡು ದಿನ ಬಿಸಿಲಿಗಿಡಿ. ಮೀನಿನ ವಾಸನೆ ಉಳಿದರೆ ಬೆಕ್ಕಿಗಿಂತ ಮೊದಲು ನಾಯಿ ಬರುತ್ತದೆ.

ಒಳಗಿನ ಅಳತೆ ಸುಮಾರು 2 ಅಡಿ ಉದ್ದ, ಒಂದೂಕಾಲು ಅಡಿ ಅಗಲ, 1 ಅಡಿ ಎತ್ತರ ಇದ್ದರೆ ಎರಡು ಬೆಕ್ಕಿಗೆ ಸಾಕು. ಪ್ರೀತಿಯಿಂದ ದೊಡ್ಡ ಮನೆಯನ್ನೇ ಕಟ್ಟೋಣ ಅನ್ನಿಸುತ್ತದೆ, ಬೇಡ. ಬೆಕ್ಕು ತನ್ನ ಮೈಬಿಸಿಯಿಂದಲೇ ಆ ಜಾಗವನ್ನು ಕಾಯಿಸಬೇಕು. ದೊಡ್ಡ ಪೆಟ್ಟಿಗೆಯಲ್ಲಿ ಬಿಸಿ ನಿಲ್ಲುವುದಿಲ್ಲ. ಬೆಕ್ಕು ಜಾಸ್ತಿ ಇದ್ದರೆ ಪೆಟ್ಟಿಗೆಗಳೂ ಜಾಸ್ತಿ ಇರಲಿ.

ಥರ್ಮಾಕೋಲನ್ನು ಹಾಗೇ ಬಿಟ್ಟರೆ ಉಗುರಿನಿಂದ ಕೆರೆದು ಪುಡಿ ಮಾಡುತ್ತವೆ, ಬಿಸಿಲಿಗೂ ಬೇಗ ಹಾಳಾಗುತ್ತದೆ. ಅದಕ್ಕೆ ಹೊರಗಿನಿಂದ ಒಂದು ಕವಚ ಬೇಕು. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇದನ್ನು ಕೂರಿಸಿದರೆ ಬಹಳ ಗಟ್ಟಿ. ಅಷ್ಟು ಖರ್ಚು ಬೇಡವೆಂದರೆ ಹಬ್ಬ ಮುಗಿದ ಮೇಲೆ ಬಿಸಾಡುವ ಫ್ಲೆಕ್ಸ್ ಬ್ಯಾನರ್ ಕೇಳಿ ತನ್ನಿ. ಪುಸ್ತಕಕ್ಕೆ ಬೈಂಡ್ ಹಾಕುವ ಹಾಗೆ ಪೆಟ್ಟಿಗೆಗೂ ಮುಚ್ಚಳಕ್ಕೂ ಬೇರೆ ಬೇರೆಯಾಗಿ ಸುತ್ತಿ, ಅಗಲವಾದ ಟೇಪ್ ಹಾಕಿ. ಮುಚ್ಚಳದ ಫ್ಲೆಕ್ಸ್ ನಾಲ್ಕೂ ಕಡೆ ಮೂರು ಬೆರಳಿನಷ್ಟು ಇಳಿಬಿದ್ದಿರಲಿ, ನೀರು ಸಂದಿಗೆ ಹೋಗದೆ ಹೊರಗೆ ಜಾರುತ್ತದೆ. ಅಂಟಿಸಬೇಕಾದರೆ ಬಿಳಿ ಫೆವಿಕಾಲ್ ಸಾಕು. ರಬ್ಬರ್ ಅಂಟು, ಥಿನ್ನರ್ ಬೆರೆಸಿದ ಬಣ್ಣ ತಾಗಿದರೆ ಥರ್ಮಾಕೋಲ್ ಕರಗಿ ಹೋಗುತ್ತದೆ.

ಮೀನಿನ ಪೆಟ್ಟಿಗೆ ಸಿಗದ ಊರಿನಲ್ಲಿ 20 ಲೀಟರಿನ ಖಾಲಿ ಪೇಂಟ್ ಬಕೆಟ್ ಅಡ್ಡ ಮಲಗಿಸಿ ಬಳಸಬಹುದು. ಬಣ್ಣದ ಒಂದು ಚೂರೂ ಇಲ್ಲದಂತೆ ಕೆರೆದು ತೊಳೆದಿರಬೇಕು, ಉರುಳದಂತೆ ಎರಡೂ ಬದಿಗೆ ಇಟ್ಟಿಗೆ ಕೊಡಬೇಕು. ಒಂದು ಬೆಕ್ಕಿಗೆ ಸಾಕಾಗುತ್ತದೆ.

ಬಾಗಿಲು

ಇದರಲ್ಲೇ ಬಹಳ ಜನ ತಪ್ಪುವುದು. ಬೆಕ್ಕಿಗೆ 6 ಇಂಚಿನ ತೂತು ಸಾಕು. ಅದಕ್ಕಿಂತ ದೊಡ್ಡದಾದರೆ ಗಾಳಿ ನುಗ್ಗುತ್ತದೆ, ಬೀದಿನಾಯಿಯ ತಲೆಯೂ ತೂರುತ್ತದೆ. ಅಡುಗೆಮನೆಯಿಂದ 6 ಇಂಚಿನ ಸಣ್ಣ ಸ್ಟೀಲ್ ತಟ್ಟೆ ತಂದು, ಪೆಟ್ಟಿಗೆಯ ಉದ್ದನೆ ಬದಿಯಲ್ಲಿ, ನಡುವೆ ಅಲ್ಲ, ಒಂದು ಮೂಲೆಗೆ ಸರಿಸಿ ಗೆರೆ ಎಳೆಯಿರಿ. ಬಾಗಿಲು ಒಂದು ಪಕ್ಕಕ್ಕಿದ್ದರೆ ಬೆಕ್ಕು ಇನ್ನೊಂದು ಪಕ್ಕದಲ್ಲಿ ಗಾಳಿ ತಾಗದಂತೆ ಮಲಗಬಹುದು. ತಟ್ಟೆಯ ಕೆಳ ಅಂಚು ಪೆಟ್ಟಿಗೆಯ ತಳದಿಂದ 3 ಇಂಚು ಮೇಲಿರಲಿ. ನೆಲಕ್ಕೆ ಬಿದ್ದು ಸಿಡಿಯುವ ಮಳೆಹನಿ ಆಗ ಒಳಗೆ ಬರುವುದಿಲ್ಲ, ಹುಲ್ಲೂ ಹೊರಗೆ ಚೆಲ್ಲುವುದಿಲ್ಲ.

ಹ್ಯಾಕ್ಸಾ ಬ್ಲೇಡಿನಿಂದ ನಿಧಾನವಾಗಿ ಕೊಯ್ಯಿರಿ. ಕೆಳಗೆ ಪೇಪರ್ ಹಾಸಿಕೊಳ್ಳಿ, ಉದುರುವ ಬಿಳಿ ಕಾಳುಗಳು ಮೈಗೆ, ಕೂದಲಿಗೆ ಎಲ್ಲಾ ಕಡೆ ಅಂಟುತ್ತವೆ. ಅವನ್ನು ಚರಂಡಿಗೆ ಬಿಡದೆ ಒಂದೂ ಉಳಿಯದಂತೆ ಬಳಿದು ಕಸದ ಚೀಲಕ್ಕೆ ಹಾಕಿ. ಹೊರಗಿನ ಪ್ಲಾಸ್ಟಿಕ್ ಕೊಯ್ಯುವಾಗ ಗೆರೆಯ ಮೇಲೆ ಬಿಸಿನೀರು ಸುರಿದರೆ ಮೆದುವಾಗುತ್ತದೆ, ಬಿರುಕು ಬಿಡುವುದು ಕಡಿಮೆ. ಕೊನೆಗೆ ಗಿಡಕ್ಕೆ ನೀರು ಹಾಕುವ ಹಳೆಯ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಬಾಗಿಲಿನ ಅಂಚಿಗೆ ಸುತ್ತ ತೊಡಿಸಿ. ಚೂಪು ಅಂಚು ಬೆಕ್ಕಿನ ಹೊಟ್ಟೆಗೆ ತಾಗದಂತೆ ಇದು ಕಾಯುತ್ತದೆ.

ತಳದ ಒಂದು ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು ಮಾಡಿ. ಎಷ್ಟು ಜಾಗ್ರತೆ ಮಾಡಿದರೂ ಬೆಕ್ಕಿನ ಮೈಯಿಂದ ನೀರು ಬಂದೇ ಬರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಮುಚ್ಚಳವನ್ನು ಅಂಟಿಸಿಬಿಡಬೇಡಿ. ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿದರೆ ಬೇಕಾದಾಗ ಬಿಚ್ಚಬಹುದು.

ಒಳಗೆ ಹುಲ್ಲು, ಬರೀ ಹುಲ್ಲು

ಭತ್ತದ ಒಣಹುಲ್ಲು. ಅದರ ಕಡ್ಡಿಯ ಒಳಗೆ ಪೊಳ್ಳು, ಗಾಳಿ ಅಲ್ಲೇ ನಿಂತು ಬಿಸಿ ಹಿಡಿಯುತ್ತದೆ. ಕಡ್ಡಿಯ ಮೇಲೆ ಬಿದ್ದ ನೀರು ಬಟ್ಟೆಯಲ್ಲಿ ನಿಂತ ಹಾಗೆ ನಿಲ್ಲದೆ ಕೆಳಗೆ ಜಾರುತ್ತದೆ. ಬೆಕ್ಕು ಅದರೊಳಗೆ ತೂರಿಕೊಂಡು ಮಲಗಬಹುದು. ಒಂದು ಗೇಣಿನಷ್ಟು ಉದ್ದಕ್ಕೆ ಕತ್ತರಿಸಿ, ಪೆಟ್ಟಿಗೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುವ ಹಾಗೆ ಸಡಿಲವಾಗಿ ತುಂಬಿ. ಒತ್ತಬೇಡಿ. ದನಕ್ಕೆ ಹಾಕುವ ಹಸಿ ಮೇವನ್ನು ಒಣಗಿಸಿ ತುಂಬುವುದು ಬೇಡ, ಅದು ನೀರು ಕುಡಿದು ಬೂಸ್ಟು ಹಿಡಿಯುತ್ತದೆ.

ನಗರದಲ್ಲಿ ಹುಲ್ಲು ಎಲ್ಲಿ ಅಂತೀರಾ? ಮಾವಿನಹಣ್ಣಿನ ಅಂಗಡಿಯ ಪೆಟ್ಟಿಗೆಗಳಲ್ಲಿ ಹಣ್ಣಿನ ಕೆಳಗೆ ಇರುವುದು ಇದೇ ಹುಲ್ಲು. ಮಣ್ಣಿನ ಮಡಕೆ ಮಾರುವವರು ಮಡಕೆಗಳ ನಡುವೆ ತುರುಕುವುದೂ ಇದನ್ನೇ. ಹಸು ಕಟ್ಟಿರುವ ಮನೆ ಹತ್ತಿರ ಇದ್ದರೆ ಒಂದು ಹಿಡಿಕಟ್ಟು ಕೇಳಿದರೆ ಇಲ್ಲವೆನ್ನುವುದಿಲ್ಲ. ಏನೂ ಸಿಗದಿದ್ದರೆ ಹಳೆಯ ಪೇಪರನ್ನು ಉದ್ದುದ್ದ ಹರಿದು ತುಂಬಿ, ಒದ್ದೆಯಾದ ದಿನವೇ ಬದಲಿಸಿ.

ಎಲ್ಲಿ ಇಡಬೇಕು?

ನೇರ ನೆಲದ ಮೇಲಂತೂ ಬೇಡ. ಇಟ್ಟಿಗೆಗಳ ಮೇಲೆ ಅರ್ಧ ಅಡಿಯಾದರೂ ಎತ್ತರಿಸಿ, ತೂತು ಇರುವ ಮೂಲೆ ಕೊಂಚ ತಗ್ಗಿರುವಂತೆ ವಾಲಿಸಿ. ಮೇಲೆ ಎರಡು ಇಟ್ಟಿಗೆ ಹೇರಿ, ಖಾಲಿ ಥರ್ಮಾಕೋಲ್ ಗಾಳಿಗೆ ಹಾರುತ್ತದೆ.

ಬಾಗಿಲು ಕಾಂಪೌಂಡ್ ಗೋಡೆಯ ಕಡೆಗೆ ತಿರುಗಿರಲಿ, ನಡುವೆ ಒಂದು ಗೇಣು ಜಾಗ ಬಿಡಿ. ಜೂನ್‌ನಿಂದ ಮಳೆಗಾಳಿ ಪಶ್ಚಿಮದಿಂದ ಬೀಸುತ್ತದೆ, ಅಕ್ಟೋಬರ್ ದಾಟಿದರೆ ಹಿಂಗಾರು ಈಶಾನ್ಯದಿಂದ. ಗೋಡೆಗೆ ಮುಖ ಮಾಡಿದ ಬಾಗಿಲಿಗೆ ಎರಡರ ಕಾಟವೂ ಕಡಿಮೆ. ನಾಯಿ ಬಂದರೂ ಬೆಕ್ಕಿಗೆ ಎಡಕ್ಕೋ ಬಲಕ್ಕೋ ಜಾರಿಕೊಳ್ಳಲು ದಾರಿ ಇರುತ್ತದೆ. ಇದೇ ಕಾರಣಕ್ಕೆ ಎರಡನೇ ಬಾಗಿಲು ಕೊಯ್ಯುವುದು ನನಗೆ ಒಪ್ಪಿಗೆಯಿಲ್ಲ, ಗಾಳಿ ಆರಪಾರ ಹೊಡೆದರೆ ಗೂಡು ಮಾಡಿಯೂ ಪ್ರಯೋಜನವಿಲ್ಲ ಅಲ್ವಾ?

ಊಟದ ಬಟ್ಟಲು ಗೂಡಿನಿಂದ ನಾಲ್ಕೈದು ಹೆಜ್ಜೆ ದೂರ ಇರಲಿ. ಒಳಗೆ ಊಟ ಇಟ್ಟರೆ ಇರುವೆ ಮುತ್ತುತ್ತದೆ, ಕಣ್ಣು ಬಿಡದ ಮರಿಗಳನ್ನು ಕಚ್ಚಿ ಹಾಕುತ್ತದೆ. ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಿ, ಸೊಳ್ಳೆ ಮೊಟ್ಟೆ ಇಡದಂತೆ ಆ ನೀರನ್ನು ದಿನಾ ಚೆಲ್ಲಿ. ಇರುವೆ ಪುಡಿ, ಇರುವೆ ಚಾಕ್ ಗೂಡಿನ ಹತ್ತಿರ ಸುಳಿಯಲೇಬಾರದು, ಮೈಗೆ ಹತ್ತಿದ್ದನ್ನು ಬೆಕ್ಕು ನೆಕ್ಕಿಬಿಡುತ್ತದೆ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಜೀರ್ಣವಾಗದೆ ಭೇದಿ ಆಗುತ್ತದೆ. ಶುದ್ಧ ನೀರು ಇಡಿ.

ಒಳಗೆ ಹೋಗದಿದ್ದರೆ?

ಕಾಯಬೇಕು. ಹೊಸ ವಸ್ತು ಕಂಡರೆ ಬೆಕ್ಕು ಮೂಸಿ ದೂರ ಹೋಗುತ್ತದೆ. ನಮ್ಮ ಪಟ್ಟೆ ಬೆಕ್ಕು ಎರಡನೇ ಗೂಡನ್ನು ಒಂಬತ್ತು ದಿನ ಬರೀ ಸುತ್ತು ಹಾಕಿತು. ಪಾಳು ಜಾಗದಲ್ಲಿ ಬೆಳೆಯುವ ಕುಪ್ಪಿಗಿಡದ ಬೇರಿನ ವಾಸನೆಗೆ ಬೆಕ್ಕುಗಳು ಮರುಳಾಗುತ್ತವೆ. ಒಂದು ಗಿಡ ಕಿತ್ತು, ಬೇರನ್ನು ಕೊಂಚ ಜಜ್ಜಿ ಬಾಗಿಲ ಬಳಿ ಇಟ್ಟು ನೋಡಿ. ಬೆಕ್ಕನ್ನು ಹಿಡಿದು ಒಳಗೆ ತಳ್ಳುವುದು, ಟಾರ್ಚ್ ಬಿಟ್ಟು ಇಣುಕುವುದು ಮಾಡಿದರೆ ಅದು ಮತ್ತೆ ಆ ಕಡೆ ಬರುವುದಿಲ್ಲ. ತಾಯಿ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ, ಜನರ ಓಡಾಟ ಜಾಸ್ತಿಯಾದ ಕಡೆಯಿಂದ ನಿಜಕ್ಕೂ ಸಾಗಿಸಿಬಿಡುತ್ತದೆ.

ಬಳಸುತ್ತಿದೆಯಾ ಅಂತ ತಿಳಿಯಲು ಅದು ಊಟಕ್ಕೆ ಬಂದಾಗ ಮುಚ್ಚಳ ಎತ್ತಿ ನೋಡಿ. ಹುಲ್ಲಿನ ನಡುವೆ ರೊಟ್ಟಿಯಗಲದ ದುಂಡನೆ ಗುಳಿ ಬಿದ್ದಿದ್ದರೆ, ಕಡ್ಡಿಗಳಿಗೆ ಕೂದಲು ಸಿಕ್ಕಿದ್ದರೆ ಅದು ಅಲ್ಲೇ ಮಲಗುತ್ತಿದೆ. ನಾನು ಹತ್ತನೇ ದಿನ ಕೈಯಿಟ್ಟಾಗ ಗುಳಿ ಇನ್ನೂ ಬಿಸಿಯಾಗಿತ್ತು.

ಆಮೇಲಿನ ಕೆಲಸ

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹುಲ್ಲು ಬದಲಿಸಿ, ಪೆಟ್ಟಿಗೆ ತೊಳೆದು ಬಿಸಿಲಿಗಿಡಿ. ಫಿನಾಯಿಲ್ ಹಾಕಬೇಡಿ, ನುಸಿಗುಳಿಗೆ ಇಡಬೇಡಿ. ಬೆಕ್ಕಿನ ಲಿವರ್‌ಗೆ ಇಂಥವನ್ನು ಅರಗಿಸಿ ಹೊರಹಾಕುವ ಶಕ್ತಿ ಬಹಳ ಕಡಿಮೆ, ಅವು ಅದಕ್ಕೆ ವಿಷ. ಮರಿ ವಾಂತಿ ಭೇದಿಯಿಂದ ಸತ್ತಿದ್ದರೆ ಬೆಕ್ಕುಗಳಿಗೆ ಬರುವ ಅಂಟುರೋಗವಾದ ಪ್ಯಾನ್‌ಲ್ಯೂಕೋಪೀನಿಯಾ ಇರಬಹುದು. ಅದರ ವೈರಸ್ ಜಾಗದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಆ ಹುಲ್ಲನ್ನು ಸುಟ್ಟು, ಪೆಟ್ಟಿಗೆಯನ್ನು ಸೋಪಿನಿಂದ ತೊಳೆದು, 1 ಪಾಲು ದ್ರವ ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಮತ್ತೆ ತೊಳೆದು ಒಣಗಿಸಿ. ಆದರೆ ಹೊಸ ಪೆಟ್ಟಿಗೆ ಮಾಡುವುದೇ ವಾಸಿ.

ಗೂಡು ಕೊಟ್ಟ ಮೇಲೆ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಲೇಬೇಕು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ. ಒಂದು ವರ್ಷ ಸುಮ್ನೆ ಬಿಟ್ಟರೆ ಎಷ್ಟು ಗೂಡು ಮಾಡಿದರೂ ಸಾಲುವುದಿಲ್ಲ. ಪಶುವೈದ್ಯರನ್ನೋ ಹತ್ತಿರದ ಪ್ರಾಣಿದಯಾ ಸಂಸ್ಥೆಯನ್ನೋ ಕೇಳಿ, ಬೋನಿನಲ್ಲಿ ಹಿಡಿದು ಆಪರೇಷನ್ ಮಾಡಿಸಿ ಅದೇ ಜಾಗಕ್ಕೆ ಬಿಡಬೇಕು. ಹೀಗೆ ಮಾಡಿಸಿದ ಬೆಕ್ಕಿನ ಕಿವಿಯ ತುದಿಯನ್ನು ಗುರುತಿಗೆ ಕತ್ತರಿಸಿರುತ್ತಾರೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ 15 ನಿಮಿಷ ನೀರಿನ ಕೆಳಗೆ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ಮಾರ್ಚ್ ಬಂದರೆ ಗೂಡನ್ನು ಪೂರ್ತಿ ನೆರಳಿಗೆ ಸರಿಸಿ, ಹುಲ್ಲು ತೆಗೆದು, ಮುಚ್ಚಳವನ್ನು ಎರಡು ಬೆರಳಿನಷ್ಟು ಎತ್ತಿ ಕಡ್ಡಿ ಸಿಕ್ಕಿಸಿ. ಕಲಬುರಗಿ, ರಾಯಚೂರಿನಂಥ ಕಡೆ ಬಿಸಿಲಿನಲ್ಲಿಟ್ಟ ಮುಚ್ಚಿದ ಪೆಟ್ಟಿಗೆ ಒಲೆಯಾಗಿಬಿಡುತ್ತದೆ.

ಗೂಡು ಇದ್ದರೂ ಕೆಲವು ಬೆಕ್ಕುಗಳು ಮಳೆ ರಾತ್ರಿ ಕಾರಿನ ಎಂಜಿನ್ ಬಿಸಿಗೆ ಕೆಳಗಿನಿಂದ ಒಳಗೆ ಹತ್ತಿ ಮಲಗುತ್ತವೆ. ಬೆಳಿಗ್ಗೆ ಕೀ ತಿರುಗಿಸುವ ಮೊದಲು ಬಾನೆಟ್ ಮೇಲೆ ಜೋರಾಗಿ ಎರಡು ಸಲ ತಟ್ಟಿ, ಒಂದು ನಿಮಿಷ ತಡೆದು ಸ್ಟಾರ್ಟ್ ಮಾಡಿ.