ಗಲ್ಫಿನ ಬ್ರಿಟಿಷ್ ಶಾಲೆಗೆ ಹೊರಟಿದ್ದೀರಾ? ಮಗುವಿನ ವರದಿ ಮುಚ್ಚಿಡಬೇಡಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ದುಬೈ, ಮಸ್ಕತ್, ದೋಹಾಕ್ಕೆ ದುಡಿಯಲು ಹೋಗುವುದು ಇಂದು ನಿನ್ನೆಯ ಮಾತಲ್ಲ. ಮೊದಲು ಗಂಡಸರಷ್ಟೇ ಹೋಗುತ್ತಿದ್ದರು, ಮಕ್ಕಳು ಊರಲ್ಲೇ ಓದುತ್ತಿದ್ದರು. ಈಗ ಸಂಸಾರ ಸಮೇತ ಹೊರಡುವವರು ಹೆಚ್ಚು. ಮಗು ಓದಿನಲ್ಲಿ ಚುರುಕಾಗಿದ್ದರೆ ಯಾವ ಶಾಲೆಯಾದರೂ ನಡೆದೀತು. ಆದರೆ ಓದುವಾಗ ತಡವರಿಸುವ, ಮಾತು ತಡವಾಗಿ ಬಂದ, ಆಟಿಸಂ ಇರುವ, ಕಿವಿ ಮಂದವಾಗಿರುವ ಮಗುವಿದ್ದರೆ ಶಾಲೆಯ ಆಯ್ಕೆಯೇ ದೊಡ್ಡ ಕೆಲಸ. ಇಲ್ಲಿ ತಂದೆತಾಯಿ ಮತ್ತೆ ಮತ್ತೆ ಮಾಡುವ ತಪ್ಪು ಒಂದೇ. ಸೀಟು ತಪ್ಪೀತೆಂದು ಹೆದರಿ ಮಗುವಿನ ತೊಂದರೆಯನ್ನು ಅರ್ಜಿಯಲ್ಲಿ ಬರೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ಮುಚ್ಚಿಟ್ಟದ್ದು ನವೆಂಬರಿನಲ್ಲಿ ಟೀಚರಿಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಸಹಾಯಕ ಶಿಕ್ಷಕರೆಲ್ಲ ಬೇರೆ ಮಕ್ಕಳಿಗೆ ಹಂಚಿಹೋಗಿರುತ್ತಾರೆ. ಮಾಹಿತಿ ಮುಚ್ಚಿಟ್ಟರೆ ಪ್ರವೇಶ ರದ್ದು ಮಾಡುತ್ತೇವೆ ಎಂಬ ಷರತ್ತೂ ಅನೇಕ ಅರ್ಜಿಗಳ ಕೊನೆಯ ಪುಟದಲ್ಲಿ ಇರುತ್ತದೆ.

ಮೊದಲು ಇಯರ್ ಲೆಕ್ಕ

ಇಂಗ್ಲೆಂಡಿನ ಪಠ್ಯಕ್ರಮ ಕಲಿಸುವ ಬ್ರಿಟಿಷ್ ಶಾಲೆಯಲ್ಲಿ ತರಗತಿಗೆ ಇಯರ್ ಎನ್ನುತ್ತಾರೆ, ಅದು ನಿಲ್ಲುವುದು ವಯಸ್ಸಿನ ಮೇಲೆ. ಇಂಗ್ಲೆಂಡಿನ ಪದ್ಧತಿಯಂತೆ ಆಗಸ್ಟ್ 31ಕ್ಕೆ ಮಗುವಿಗೆ ಎಷ್ಟು ವರ್ಷ ತುಂಬಿದೆಯೋ ಅದರಲ್ಲಿ ನಾಲ್ಕು ಕಳೆಯಿರಿ: ಏಳು ತುಂಬಿದ್ದರೆ ಇಯರ್ 3. ಕೊನೆಯ ದಿನಾಂಕವನ್ನು ಕೆಲವು ದೇಶಗಳು ಬೇರೆ ಇಟ್ಟುಕೊಂಡಿರುವುದರಿಂದ ಶಾಲೆಯಿಂದ ಬರಹದಲ್ಲಿ ಕೇಳಿ. ಸಾಮಾನ್ಯವಾಗಿ ನಮ್ಮ ತರಗತಿಗೆ ಒಂದು ಕೂಡಿಸಿದರೆ ಅಲ್ಲಿನ ಇಯರ್ ಸಿಗುತ್ತದೆ. ಇಲ್ಲಿ ಐದನೇ ತರಗತಿ ಮುಗಿಸಿ ಆರಕ್ಕೆ ಹೋಗಬೇಕಾದ ಮಗು ಅಲ್ಲಿ ಕೂರುವುದು ಇಯರ್ 7ರಲ್ಲಿ, ಅಂದರೆ ನೇರ ಹೈಸ್ಕೂಲಿಗೆ. ಇಯರ್ 10 ಮತ್ತು 11 ಸೇರಿ, ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯಾದ ಐಜಿಸಿಎಸ್‌ಇಯ ಎರಡು ವರ್ಷದ ಕೋರ್ಸು. ಕೋರ್ಸಿನ ನಡುವೆ ಇಯರ್ 11ಕ್ಕೆ ಸೇರಿಸುವ ಯೋಚನೆ ಬಿಟ್ಟುಬಿಡಿ. ಬೆಂಬಲ ಬೇಕಾದ ಮಗುವನ್ನು ಇಯರ್ 9ಕ್ಕಿಂತ ತಡಮಾಡಿ ಕರೆದುಕೊಂಡು ಹೋಗಲೇಬಾರದು. ಕಾರಣ ಮುಂದೆ ಬರುತ್ತದೆ.

ಊರಿನಲ್ಲೇ ಮಾಡಿಸಬೇಕಾದ ತಪಾಸಣೆ

ಗಲ್ಫಿನಲ್ಲಿ ತಪಾಸಣೆ ದುಬಾರಿ, ಅದೂ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕನ್ನಡ, ಕೊಂಕಣಿ, ನವಾಯತಿ ಆಡುವ ಮಗುವನ್ನು ಅದರ ಭಾಷೆ ತಿಳಿದವರು ನೋಡಬೇಕು. ಶಿರಸಿ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಕಲಿಕಾ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ‘ಸೌಮ್ಯ ಪ್ರಮಾಣದ ಕಲಿಕಾ ನ್ಯೂನತೆ’ ಎಂಬ ಒಂದು ಸಾಲಿನ ಸರ್ಟಿಫಿಕೇಟ್ ಅಲ್ಲಿನ ಶಾಲೆಗೆ ಉಪಯೋಗವಿಲ್ಲ. ಯಾವ ಪರೀಕ್ಷೆ ಮಾಡಿದರು, ಎಷ್ಟು ಅಂಕ, ಎಷ್ಟು ಪರ್ಸೆಂಟೈಲ್, ತರಗತಿಯಲ್ಲಿ ಏನೇನು ಮಾಡಬೇಕು ಎಂಬುದೆಲ್ಲ ಇರುವ ಪೂರ್ಣ ವರದಿ ಕೇಳಿ. ಎರಡು ವರ್ಷಕ್ಕಿಂತ ಹಳೆಯ ವರದಿಯನ್ನು ಬಹಳ ಶಾಲೆಗಳು ಒಪ್ಪುವುದಿಲ್ಲ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ನಮ್ಮ ದೇಶದ ಸೌಲಭ್ಯಕ್ಕೆ ಮಾತ್ರ. ಮಗು ಸರ್ಕಾರಿ ಶಾಲೆಯಲ್ಲಿದ್ದು, ವಿಶೇಷ ಅಗತ್ಯದ ಮಕ್ಕಳನ್ನು ಎಲ್ಲರ ಜೊತೆ ಕಲಿಸುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ನೋಡಿಕೊಂಡಿದ್ದರೆ ಅವರಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಮಗುವಿಗೆ ಈವರೆಗೆ ಯಾವುದು ಫಲ ಕೊಟ್ಟಿದೆ ಎಂಬುದು ಅದರಲ್ಲಿ ಸಿಗುತ್ತದೆ.

ಬೆರಳಚ್ಚು ತೆಗೆದು ಮಗುವಿನ ಬುದ್ಧಿಶಕ್ತಿ ಹೇಳುತ್ತೇವೆನ್ನುವ ‘ಡಿಎಂಐಟಿ’ ವರದಿಗೆ ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಶಾಲೆಯ ಫೈಲಿಗೆ ಅದನ್ನು ಸೇರಿಸಲೇಬೇಡಿ, ಉಳಿದ ಕಾಗದಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ತಪಾಸಣೆ ಮಾಡಿಸುವಾಗ ಒಂದು ಪ್ರಶ್ನೆಗೆ ಸ್ಪಷ್ಟ ಉತ್ತರ ಪಡೆಯಿರಿ: ಇದು ಇಂಗ್ಲಿಷ್ ಬಾರದ ತೊಂದರೆಯೋ, ಕಲಿಕೆಯ ತೊಂದರೆಯೋ? ಇವೆರಡನ್ನು ಕಲಸಿಬಿಟ್ಟರೆ ಮಗುವಿಗೆ ಬೇಡದ್ದು ಸಿಗುತ್ತದೆ, ಬೇಕಾದದ್ದು ಸಿಗುವುದಿಲ್ಲ. ಮನೆಮಾತಿನಲ್ಲಿ ನಿನ್ನೆಯ ಮದುವೆಮನೆಯ ಕತೆಯನ್ನು ಮೊದಲಿಂದ ಕೊನೆವರೆಗೆ ಹೇಳುವ ಮಗು ಇಂಗ್ಲಿಷ್ ತರಗತಿಯಲ್ಲಿ ತಿಂಗಳುಗಟ್ಟಲೆ ಮೌನವಾಗಿರಬಹುದು. ಅದು ಸಹಜ. ಆಡುಮಾತಿನ ಇಂಗ್ಲಿಷಿಗೆ ಒಂದೆರಡು ವರ್ಷ, ಪಾಠದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ಮನೆಮಾತಿನಲ್ಲೂ ಕತೆ ತುಂಡಾದರೆ, ಕನ್ನಡದಲ್ಲೂ ಮೂರನೇ ತರಗತಿ ದಾಟಿದ ಮೇಲೆ ಒತ್ತಕ್ಷರದ ಹತ್ತಿರ ಪ್ರತಿಸಲ ನಿಂತರೆ ತೊಂದರೆ ಭಾಷೆಯದಲ್ಲ. ಕನ್ನಡ ಬರೆದಂತೆ ಓದುವ ಲಿಪಿ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕಾ ತೊಂದರೆ, ಇರುವ ಮಗುವೂ ಕನ್ನಡವನ್ನು ನಿಧಾನವಾಗಿ ಆದರೆ ಸರಿಯಾಗಿ ಓದಿಬಿಡಬಹುದು. ತೊಂದರೆ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಬಯಲಾಗುತ್ತದೆ. ಆದ್ದರಿಂದ ತಪ್ಪುಗಳನ್ನಷ್ಟೇ ಎಣಿಸದೆ ಓದುವ ವೇಗವನ್ನೂ ಅಳೆಯಲು ಹೇಳಿ.

ಬಹಳ ಬ್ರಿಟಿಷ್ ಶಾಲೆಗಳು ಪ್ರವೇಶಕ್ಕೆ ‘ಕ್ಯಾಟ್ 4’ ಪರೀಕ್ಷೆ ಕೊಡುತ್ತವೆ. ಅದರಲ್ಲಿ ಪದ, ಸಂಖ್ಯೆ, ಆಕೃತಿ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಎಂದು ನಾಲ್ಕು ಭಾಗ, ಸರಾಸರಿ 100. ಒಟ್ಟು ಅಂಕ ನೋಡಿ ಮುಖ ಸಣ್ಣ ಮಾಡಿಕೊಳ್ಳಬೇಡಿ, ನಾಲ್ಕೂ ಭಾಗದ ಅಂಕ ಕೇಳಿ. ಪದಭಾಗದಲ್ಲಿ 80, ಆಕೃತಿಯಲ್ಲಿ 110 ಬಂದ ಮಗುವಿಗೆ ಯೋಚನಾಶಕ್ತಿ ಇದೆ, ಭಾಷೆಯ ಬೆಂಬಲ ಬೇಕು. ಈ ವ್ಯತ್ಯಾಸವನ್ನು ತಾವಾಗಿ ತೋರಿಸಿ ವಿವರಿಸುವ ಶಾಲೆ ಒಳ್ಳೆಯದು.

ಫಲಕ ನೋಡಬೇಡಿ, ವರದಿ ಓದಿ

‘ಬ್ರಿಟಿಷ್’, ‘ಇಂಟರ್‌ನ್ಯಾಷನಲ್’ ಎಂದು ಹೆಸರಿಟ್ಟುಕೊಂಡ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಬ್ರಿಟನ್ ಸರ್ಕಾರದ ‘ಬ್ರಿಟಿಷ್ ಸ್ಕೂಲ್ಸ್ ಓವರ್‌ಸೀಸ್’ ತಪಾಸಣೆಯಲ್ಲಿ ಆ ಶಾಲೆ ಇದೆಯೇ ನೋಡಿ. ದುಬೈಯಾದರೆ ಕೆಎಚ್‌ಡಿಎ, ಅಬುಧಾಬಿಯಾದರೆ ಅಡೆಕ್ ಎಂಬ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಶಾಲೆಗಳ ತಪಾಸಣಾ ವರದಿ ಉಚಿತವಾಗಿ ಸಿಗುತ್ತದೆ. ದರ್ಜೆ ಆರು: ಅತ್ಯುತ್ತಮದಿಂದ ತೀರಾ ದುರ್ಬಲದವರೆಗೆ. ಎಲ್ಲರೂ ಮುಖಪುಟದ ದರ್ಜೆ ನೋಡಿ ನಿಲ್ಲಿಸುತ್ತಾರೆ. ನೀವು ಐದನೇ ಮಾನದಂಡಕ್ಕೆ ಹೋಗಿ. ಮಕ್ಕಳ ರಕ್ಷಣೆ, ಆರೈಕೆ, ಬೆಂಬಲದ ವಿಷಯ ಅಲ್ಲಿದೆ. ದುಬೈ ವರದಿಗಳಲ್ಲಿ ವಿಶೇಷ ಅಗತ್ಯದ ಮಕ್ಕಳ ಬಗ್ಗೆ ಪ್ರತ್ಯೇಕ ಭಾಗವೇ ಇರುತ್ತದೆ. ಅಲ್ಲಿ ಅವರನ್ನು ‘ದೃಢಸಂಕಲ್ಪದ ವಿದ್ಯಾರ್ಥಿಗಳು’ ಎನ್ನುತ್ತಾರೆ. ಅಂಥ ಮಕ್ಕಳ ಸಂಖ್ಯೆ, ಸಹಾಯಕ ಶಿಕ್ಷಕರ ಸಂಖ್ಯೆ, ಒಂದು ವರ್ಷದಲ್ಲಿ ಬಿಟ್ಟುಹೋದ ಶಿಕ್ಷಕರ ಪ್ರಮಾಣ, ಈ ಮೂರನ್ನು ಕಾಗದದಲ್ಲಿ ಬರೆದುಕೊಳ್ಳಿ. ಎರಡು ಸಾವಿರ ಮಕ್ಕಳ ಶಾಲೆಯಲ್ಲಿ ಅಂಥವರು ಹತ್ತೇ ಮಂದಿ ಎಂದಿದ್ದರೆ ಶಾಲೆ ಆರಿಸಿ ಆರಿಸಿ ತೆಗೆದುಕೊಳ್ಳುತ್ತಿದೆ, ಇಲ್ಲವೇ ಗುರುತಿಸುತ್ತಲೇ ಇಲ್ಲ. ಅತ್ಯುತ್ತಮ ದರ್ಜೆಯ ಶಾಲೆಗಿಂತ ಬೆಂಬಲದಲ್ಲಿ ಗಟ್ಟಿಯಿರುವ ‘ಉತ್ತಮ’ ದರ್ಜೆಯ ಶಾಲೆಯೇ ಮೇಲು.

ವರದಿಯ ವರ್ಷವನ್ನೂ ನೋಡಿ. ಪ್ರಿನ್ಸಿಪಾಲರು ಬದಲಾಗಿದ್ದರೆ ಹಳೆಯ ಹೊಗಳಿಕೆಗೆ ಅರ್ಧ ಬೆಲೆ.

ಸೆಂಕೊ ಜೊತೆ ಅರ್ಧ ಗಂಟೆ

ಇದೇ ನಿರ್ಣಾಯಕ ಹಂತ. ಪ್ರವೇಶ ವಿಭಾಗದವರ ಮಾತು ಕೇಳಿ ಫೀಸು ಕಟ್ಟಬೇಡಿ, ಸೀಟು ತುಂಬಿಸುವುದು ಅವರ ಕೆಲಸ. ಬ್ರಿಟಿಷ್ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳ ಹೊಣೆ ಹೊತ್ತವರನ್ನು ಸೆಂಕೊ ಎನ್ನುತ್ತಾರೆ. ಕೆಲವು ಕಡೆ ಇನ್‌ಕ್ಲೂಶನ್ ಹೆಡ್ ಎಂಬ ಹೆಸರಿದೆ. ವಿಡಿಯೊ ಕರೆಗೆ ಅರ್ಧ ಗಂಟೆ ಕೇಳಿ, ಮೂರು ದಿನ ಮೊದಲೇ ಮಗುವಿನ ವರದಿ ಕಳಿಸಿ. ಕರೆಯಲ್ಲಿ ಮಾತಾಡಿದವರು ಅದನ್ನು ಓದಿಲ್ಲವೆಂದು ಗೊತ್ತಾದರೆ ಆ ಶಾಲೆಯನ್ನು ಪಟ್ಟಿಯಿಂದ ತೆಗೆಯಿರಿ.

ಕೇಳಬೇಕಾದ ಮೊದಲ ಪ್ರಶ್ನೆ: ನಮ್ಮ ಮಗು ಸೋಮವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಲ್ಲಿ, ಯಾರ ಜೊತೆ ಇರುತ್ತದೆ? ‘ನಾವು ಎಲ್ಲ ಮಕ್ಕಳನ್ನೂ ಪ್ರೀತಿಸುತ್ತೇವೆ’ ಎಂಬುದು ಉತ್ತರವಲ್ಲ. ಗಣಿತಕ್ಕೆ ತರಗತಿಯಲ್ಲೇ ಸಹಾಯಕರು, ಓದಿಗೆ ವಾರಕ್ಕೆ ಮೂರು ಸಲ 20 ನಿಮಿಷ ಸಣ್ಣ ಗುಂಪು, ಉಳಿದ ಹೊತ್ತು ಎಲ್ಲರೊಡನೆ ಎಂಬ ಮಟ್ಟದ ಉತ್ತರ ಬರಬೇಕು. ದಿನದ ಬಹುಪಾಲು ಮಗುವನ್ನು ಹೊರಗಿನ ಕೋಣೆಯಲ್ಲಿ ಕೂರಿಸುವುದು ಸಮನ್ವಯ ಶಿಕ್ಷಣವಲ್ಲ. ಕಲೆ, ಆಟ, ಸಂಗೀತದ ಅವಧಿಯಲ್ಲೇ ಹೊರಗೆ ಕರೆದೊಯ್ಯುತ್ತಾರೆಯೇ ಎಂದೂ ಕೇಳಿ. ಓದಿನಲ್ಲಿ ಸೋಲುವ ಮಗುವಿಗೆ ಗೆಲ್ಲುವ ಜಾಗ ಅದೊಂದೇ ಇರುತ್ತದೆ, ಅದನ್ನು ಕಿತ್ತುಕೊಳ್ಳಬಾರದು.

ಎರಡನೆಯದು, ಹೆಸರು ಅಳಿಸಿದ ಒಂದು ವೈಯಕ್ತಿಕ ಕಲಿಕಾ ಯೋಜನೆಯನ್ನು ತೋರಿಸಲು ಹೇಳಿ. ಇದನ್ನು ಐಇಪಿ ಎನ್ನುತ್ತಾರೆ. ‘ಓದು ಸುಧಾರಿಸಬೇಕು’ ಎಂದಿದ್ದರೆ ಅದು ಕಡತ ತುಂಬಿಸುವ ಕಾಗದ. ‘ಡಿಸೆಂಬರಿನೊಳಗೆ ತನ್ನ ಮಟ್ಟದ 100 ಪದಗಳ ಪಾಠವನ್ನು ಐದಕ್ಕಿಂತ ಕಡಿಮೆ ತಪ್ಪಿನಲ್ಲಿ ಓದುವುದು, ಕಲಿಸುವವರು ಇಂಥವರು, ಅಳೆಯುವ ದಿನ ಇಂಥದು’ ಎಂದಿದ್ದರೆ ಕೆಲಸ ನಡೆಯುತ್ತಿದೆ. ಅಳೆಯುವುದು, ಯೋಜಿಸುವುದು, ಮಾಡುವುದು, ಮರುಪರಿಶೀಲಿಸುವುದು ಎಂಬ ನಾಲ್ಕು ಹೆಜ್ಜೆಯ ಚಕ್ರ, ವಿಶೇಷ ಅಗತ್ಯದ ಮಕ್ಕಳ ಕುರಿತ ಇಂಗ್ಲೆಂಡಿನ 2015ರ ಸಂಹಿತೆಯಲ್ಲಿದೆ. ಆ ಸಂಹಿತೆ ಇಂಗ್ಲೆಂಡಿನ ಹೊರಗೆ ಶಾಲೆಯನ್ನು ಕಟ್ಟಿಹಾಕುವುದಿಲ್ಲ, ಆದರೆ ಒಳ್ಳೆಯ ಶಾಲೆಗಳು ಪಾಲಿಸುತ್ತವೆ. ಟರ್ಮಿಗೊಮ್ಮೆ ಪರಿಶೀಲನೆ ಇಲ್ಲದ ಶಾಲೆ ಬೇಡ.

ಮೂರನೆಯದು ಪರೀಕ್ಷೆ. ಐಜಿಸಿಎಸ್‌ಇಯಲ್ಲಿ ಶೇ 25ರಷ್ಟು ಹೆಚ್ಚುವರಿ ಸಮಯ, ಓದಿ ಹೇಳುವವರು, ಬರೆಯುವವರು ಸಿಗಬಹುದು. ಅದಕ್ಕೆ ವರದಿಯೊಂದೇ ಸಾಲದು. ಮಗು ದಿನನಿತ್ಯ ಶಾಲೆಯಲ್ಲಿ ಹಾಗೆಯೇ ಕೆಲಸ ಮಾಡಿಕೊಂಡು ಬಂದಿದೆ ಎಂಬುದಕ್ಕೆ ಶಾಲೆ ಆಧಾರ ತೋರಿಸಬೇಕು. ಆ ಆಧಾರ ಕೂಡಲು ಸಮಯ ಬೇಕು. ಇಯರ್ 9ರ ಗಡುವು ಹೇಳಿದ್ದು ಇದಕ್ಕೇ. ಕಳೆದ ವರ್ಷ ಎಷ್ಟು ಮಕ್ಕಳಿಗೆ ಈ ಸೌಲಭ್ಯ ಕೊಡಿಸಿದ್ದೀರಿ ಎಂದು ನೇರವಾಗಿ ಕೇಳಿ.

ಒಂದೇ ಮಗುವಿನ ಜೊತೆಗಿರುವ ಸಹಾಯಕರನ್ನು ಶ್ಯಾಡೊ ಟೀಚರ್ ಎನ್ನುತ್ತಾರೆ. ‘ಶ್ಯಾಡೊ ಟೀಚರ್ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತೇವೆ’ ಎಂದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ವಿಶೇಷ ಅಗತ್ಯವಿದೆ ಎಂಬ ಒಂದೇ ಕಾರಣಕ್ಕೆ ದುಬೈನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 2017ರ ಸಮನ್ವಯ ಶಿಕ್ಷಣ ನೀತಿ ಇದನ್ನು ಹೇಳುತ್ತದೆ. ನಿರಾಕರಿಸಿದರೆ ಕೆಎಚ್‌ಡಿಎಗೆ ತಿಳಿಸಿ.

ದುಡ್ಡು

ಬೋಧನಾ ಶುಲ್ಕ, ಬಸ್ಸು, ಸಮವಸ್ತ್ರ ಎಲ್ಲರಿಗೂ ಗೊತ್ತು. ಮನೆಯ ಲೆಕ್ಕ ತಪ್ಪಿಸುವುದು ಸಹಾಯಕರ ಸಂಬಳ ಮತ್ತು ಥೆರಪಿ. ಎಷ್ಟೋ ಕಡೆ ಇವು ಪೋಷಕರ ತಲೆಗೆ ಬೀಳುತ್ತವೆ. ಸಾಮಾನ್ಯ ಶುಲ್ಕದಲ್ಲೇ ಏನು ಬರುತ್ತದೆ, ಯಾವುದಕ್ಕೆ ಬೇರೆ ಕಟ್ಟಬೇಕು, ಸಹಾಯಕರು ನಡುವೆ ಬಿಟ್ಟುಹೋದರೆ ಏನು, ಬೇಡವಾದಾಗ ನಿಲ್ಲಿಸುವುದು ಹೇಗೆ, ಈ ನಾಲ್ಕೂ ಇರುವ ಸೇವಾ ಒಪ್ಪಂದಕ್ಕೆ ಸಹಿ ಹಾಕಿ. ಬಾಯಿಮಾತು ಬೇಡ. ಕಂಪನಿ ಕೊಡುವ ಶಿಕ್ಷಣ ಭತ್ಯೆಯಲ್ಲಿ ಸಹಾಯಕರ ಸಂಬಳ ಸೇರುತ್ತದೆಯೇ ಎಂಬುದನ್ನು ಕೆಲಸಕ್ಕೆ ಒಪ್ಪುವ ಮೊದಲೇ ಕೇಳಿ, ಆಮೇಲೆ ಯಾರೂ ಕಿವಿಗೊಡುವುದಿಲ್ಲ.

ಟಿಸಿ ಮತ್ತು ಮೊಹರು

ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿ ‘ಗಣಪತಿ ಹೆಗಡೆ’, ಶಾಲೆಯ ದಾಖಲೆಯಲ್ಲಿ ‘ಗಣಪತಿ ಆರ್.’ ಎಂದಿದ್ದರೆ ಎಲ್ಲ ಕಡೆ ತಡೆ. ಟಿಸಿ ಬರೆಸುವ ಮೊದಲು ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ತಿದ್ದಿಸಿ. ಬರೆದ ಮೇಲೆ ತಿದ್ದಿಸುವುದು ಎರಡರಷ್ಟು ಕಷ್ಟ. ಮೇಲುಸಹಿಗೆ ಕ್ಷೇತ್ರ ಶಿಕ್ಷಣಾಧಿಕಾರಿ, ಬಳಿಕ ಉಪನಿರ್ದೇಶಕರ ಕಚೇರಿ: ಕರಾವಳಿ ತಾಲ್ಲೂಕುಗಳಿಗೆ ಕಾರವಾರ, ಘಟ್ಟದ ಮೇಲಿನವರಿಗೆ ಶಿರಸಿ. ಒಮಾನ್, ಬಹರೇನ್, ಸೌದಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮೊಹರು ಸಾಕು. ಯುಎಇ, ಕತಾರ್, ಕುವೈತಿಗೆ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಬೋನಾಫೈಡ್ ಸರ್ಟಿಫಿಕೇಟ್ ಟಿಸಿಗೆ ಬದಲಿಯಾಗುತ್ತದೆ ಎನ್ನುವ ಏಜೆಂಟರ ಮಾತು ನಂಬಬೇಡಿ.

ಜನವರಿಯಲ್ಲಿ ಶಾಲೆಗಳಿಗೆ ಬರೆಯಲು ಶುರುಮಾಡಿ, ಏಪ್ರಿಲ್–ಮೇಯಲ್ಲಿ ಕಚೇರಿ ಕೆಲಸ ಮುಗಿಸಿ. ಊರಲ್ಲಿ ಮಳೆ ಹಿಡಿದ ಮೇಲೆ ಹೊರಟರೆ ಜುಲೈ–ಆಗಸ್ಟಿನಲ್ಲಿ ಅಲ್ಲಿ ಬೇಸಿಗೆ ರಜೆ, ಸೆಂಕೊ ಸಿಗುವುದಿಲ್ಲ.

ತಿರುಗಿ ಬರುವವರು ಇದನ್ನೂ ನೋಡಿಕೊಳ್ಳಿ. ಸಿಇಟಿಯ ಸಾಮಾನ್ಯ ಅರ್ಹತೆಗೆ ಮಗು ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು. ನೀಟ್ ಬರೆಯುವ ಆಸೆಯಿದ್ದರೆ ನಮ್ಮ ಪಿಯುಸಿಯಂಥ ಎ ಲೆವೆಲ್‌ನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು.

ಸೇರಿಸಿದ ದಿನವೇ ಮಗುವಿನ ವರದಿಯ ಒಂದು ಪ್ರತಿಯನ್ನು ಕ್ಲಾಸ್ ಟೀಚರ ಕೈಗೆ ಕೊಡಿ, ಕಚೇರಿಯ ಕಡತದಲ್ಲಿರುವುದು ಅವರನ್ನು ತಲುಪಲು ವಾರಗಳಾಗುತ್ತವೆ. ಮೊದಲ ಪರಿಶೀಲನಾ ಸಭೆ ಅಕ್ಟೋಬರಿನ ಅರ್ಧ ಟರ್ಮ್ ರಜೆಗೆ ಮುಂಚೆ ಆಗುವಂತೆ, ದಿನಾಂಕವನ್ನು ಆಗಲೇ ಡೈರಿಯಲ್ಲಿ ಬರೆಸಿಕೊಳ್ಳಿ.