ಎರೆಹುಳುವೋ, ಹಾವೋ? ಕುರುಡು ಹಾವನ್ನು ಗುರುತಿಸುವ ಬಗೆ

ಮುಂಗಾರಿನ ಒಂದೆರಡು ಹದಮಳೆ ಬಿದ್ದ ಮೇಲೆ ಹೂಕುಂಡ ಸರಿಸಿದಾಗಲೋ, ಕೊಳೆತ ದಿಮ್ಮಿ ಮಗುಚಿದಾಗಲೋ ಕಪ್ಪು ದಾರದಂಥ ಜೀವಿಯೊಂದು ಸರಕ್ಕನೆ ಮಣ್ಣಿಗೆ ನುಸುಳಲು ಹವಣಿಸುವುದು ಕಾಣಸಿಗುತ್ತದೆ. ಕೆಲವರು ಅದನ್ನು ಎರೆಹುಳುವೆಂದು ಕಡೆಗಣಿಸುತ್ತಾರೆ, ಇನ್ನು ಕೆಲವರು ನಾಗರಮರಿಯೆಂದು ಹೆದರಿ ಹೊಡೆದೇಬಿಡುತ್ತಾರೆ. ಅದು ಕುರುಡು ಹಾವು. ಅದಕ್ಕೆ ವಿಷವಿಲ್ಲ, ಮನುಷ್ಯರನ್ನು ಕಚ್ಚುವಷ್ಟು ಬಾಯಿಯೂ ಇಲ್ಲ.

ಮೊದಲು ಮೈಯನ್ನು ಗಮನಿಸಬೇಕು. ಎರೆಹುಳುವಿನ ಮೈಯುದ್ದಕ್ಕೂ ಉಂಗುರಗಳಿದ್ದು, ಅದು ಲೋಳೆಯಿಂದ ತೇವವಾಗಿರುತ್ತದೆ ಮತ್ತು ಹಿಗ್ಗುತ್ತ ಕುಗ್ಗುತ್ತ ತೆವಳುತ್ತದೆ. ಮಲೆನಾಡಿನಲ್ಲಿ ಸಿಗುವ, ಕಪ್ಪೆಯ ದೂರದ ನೆಂಟನಾದ ಸಿಸಿಲಿಯನ್‌ಗೂ ಇಂಥದೇ ಉಂಗುರಗಳೂ ತೇವವೂ ಇವೆ. ಕುರುಡು ಹಾವಿನ ಮೈ ಎಣ್ಣೆ ಸವರಿದಂತೆ ಹೊಳೆದರೂ ಒಣಗಿರುತ್ತದೆ, ನುಣುಪಾದ ಹುರುಪೆಗಳು ಒತ್ತೊತ್ತಾಗಿ ಕೂತಿರುತ್ತವೆ, ಮತ್ತು ಅದು ಅಂಕುಡೊಂಕಾಗಿ ಹರಿಯುತ್ತದೆ. ಅಲುಗಾಡದೆ ಒಂದು ನಿಮಿಷ ಕಾದರೆ ಕೂದಲೆಳೆಯಂಥ ನಾಲಗೆಯನ್ನು ಹೊರಚಾಚುವುದೂ ಕಂಡೀತು. ಹುಳುವೆಂಬ ಸಂಶಯ ಅಲ್ಲಿಗೆ ಮುಗಿಯಿತು.

ವಿಷದ ಹಾವಿನ ಮರಿಯೇ ಎಂಬುದು ಮುಂದಿನ ಪ್ರಶ್ನೆ. ಕುರುಡು ಹಾವು ಪೂರ್ತಿ ಬೆಳೆದರೂ 15 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ, ಆದರೆ ಉದ್ದವೊಂದನ್ನೇ ನಂಬುವುದು ಸಲ್ಲದು. ಆಗತಾನೇ ಹುಟ್ಟಿದ ಗರಗಸ ಮಂಡಲದ ಮರಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮಂಡಲದ ಮರಿಯ ತಲೆ ಕತ್ತಿಗಿಂತ ಅಗಲವಾಗಿದ್ದು ಕಣ್ಣು ಎದ್ದು ಕಾಣುತ್ತದೆ. ಕುರುಡು ಹಾವಿಗಾದರೋ ಕತ್ತೆಂಬುದೇ ತೋರದು, ಕಣ್ಣು ಹುರುಪೆಯಡಿ ಹುದುಗಿದ ಎರಡು ಕಪ್ಪು ಚುಕ್ಕೆಗಳಷ್ಟೆ, ಬಾಲವು ಮೊಂಡಾಗಿದ್ದು ತುದಿಯಲ್ಲಿ ಪುಟ್ಟದೊಂದು ಮುಳ್ಳಿರುತ್ತದೆ. ಈ ಮುಳ್ಳನ್ನು ಒತ್ತಿ ಅದು ಮುಂದಕ್ಕೆ ಸಾಗುತ್ತದೆಯೇ ಹೊರತು ಅದರಿಂದ ಅಪಾಯವಿಲ್ಲ. ಇಷ್ಟೂ ಹೊಂದಿಕೊಂಡ ಮೇಲೆ ಮಾತ್ರ, ಕೈ ತಾಗಿಸದೆ, ಕಾಗದದ ಮೇಲೆ ಹತ್ತಿಸಿಕೊಂಡು ಗಾಜಿನ ಬಾಟಲಿಗೆ ಬಿಟ್ಟು ಕೆಳಗಿನಿಂದ ನೋಡಬಹುದು. ಬೇರೆ ಬಹುಪಾಲು ಹಾವುಗಳ ಹೊಟ್ಟೆಯಡಿ ಅಗಲವಾದ ಪಟ್ಟಿಗಳ ಸಾಲಿದ್ದರೆ, ಇದರ ಹೊಟ್ಟೆಯ ಹುರುಪೆಗಳು ಬೆನ್ನಿನವುಗಳಷ್ಟೇ ಚಿಕ್ಕವು. ಒಂದು ಗುರುತಾದರೂ ತಪ್ಪಿದರೆ ಹತ್ತಿರ ಹೋಗಬಾರದು. ಪೊರೆ ಬಿಡುವ ಮುನ್ನ ಮೈ ನೀಲಿಗಟ್ಟಿದಂತೆ ಕಾಣುವುದರಿಂದ ಬಣ್ಣವನ್ನು ನಾನು ಗುರುತಿನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಗಂಡಿಲ್ಲದೆಯೇ ಮೊಟ್ಟೆಯಿಟ್ಟು ಮರಿ ಮಾಡುವ ಹಾವಿದು. ಇದರಲ್ಲಿ ಇರುವುದೆಲ್ಲ ಹೆಣ್ಣೇ. ಕುಂಡದ ಮಣ್ಣಿನೊಂದಿಗೆ ಒಂದೇ ಒಂದು ಸಾಗಿಹೋದರೂ ಸಂತತಿ ಬೆಳೆಯುವುದರಿಂದ ಇದು ಕಡಲು ದಾಟಿ ಹವಾಯಿಯವರೆಗೂ ತಲುಪಿದೆ. ಇರುವೆ, ಗೆದ್ದಲುಗಳ ಮೊಟ್ಟೆ ಮತ್ತು ಮರಿಹುಳುಗಳೇ ಇದರ ಆಹಾರವಾದ್ದರಿಂದ, ನೋಡಿ ಮುಗಿದೊಡನೆ ಬಾಟಲಿಯನ್ನು ನೆರಳಿನ ಹಸಿಮಣ್ಣಿನ ಮೇಲೆ ವಾಲಿಸಿ ಅದನ್ನು ತೋಟದಲ್ಲೇ ಬಿಡಿ.