ಪುಕ್ಕಟೆ ಕೊಡುವ ಕ್ರಿಸ್‌ಮಸ್ ಪೀಸು, ಊದಲು ಬರುವ ಹಾಗೆ ಕೊಡಿ

ಧನುರ್ಮಾಸ ಬಂತೆಂದರೆ ಮದುವೆ ನಿಲ್ಲುತ್ತವೆ, ಬ್ಯಾಂಡಿನವರ ಕೈ ಖಾಲಿಯಾಗುತ್ತದೆ. ಅದೇ ಹೊತ್ತಿಗೆ ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಮನೆಗಳ ಮುಂದೆ ನಕ್ಷತ್ರದ ದೀಪ ತೂಗತೊಡಗುತ್ತವೆ. ಮನೆಮನೆ ಮುಂದೆ ನಿಂತು ಕ್ರಿಸ್‌ಮಸ್ ಹಾಡು ಊದುವ ನಮ್ಮ ಗುಂಪು ಹುಟ್ಟಿದ್ದೇ ಈ ಎರಡರ ನಡುವೆ.

ನನ್ನದು ತಿಲಕವಾಡಿಯಲ್ಲಿ ಝೆರಾಕ್ಸ್ ಅಂಗಡಿ. ಸಂಜೆ ಶಟರ್ ಎಳೆದ ಮೇಲೆ ಯುಫೋನಿಯಂ (ಪುಟ್ಟ ಟ್ಯೂಬಾದಂಥ ಹಿತ್ತಾಳೆ ವಾದ್ಯ) ಊದುತ್ತೇನೆ. ಗುಂಪಿನಲ್ಲಿ ಏಳು ಜನ ಇದ್ದೇವೆ. ಮದುವೆ ಬ್ಯಾಂಡಿನ ಟ್ರಂಪೆಟ್ ಅಣ್ಣ, ಮರಾಠಾ ಲೈಟ್ ಇನ್ಫೆಂಟ್ರಿ ಬ್ಯಾಂಡಿನಿಂದ ರಿಟೈರ್ ಆಗಿ ಈಗ ಟ್ರಾಂಬೋನ್ ಊದುವ ಹವಾಲ್ದಾರ್ ಕಾಕಾ, ಗೋವಾ ಮೂಲದ ಇಬ್ಬರು ಅಣ್ಣ-ತಮ್ಮಂದಿರು (ಒಬ್ಬನದು ಟ್ರಂಪೆಟ್, ಇನ್ನೊಬ್ಬನದು ಫ್ರೆಂಚ್ ಹಾರ್ನ್), ಇ-ಫ್ಲ್ಯಾಟ್ ಹಾರ್ನ್ ಹಿಡಿದ ಬ್ಯಾಂಕಿನ ಸಾಹೇಬ್ರು, ಕಾರ್ನೆಟ್ ಊದುವ ಕನ್ನಡ ಶಾಲೆ ಮಾಸ್ತರು, ಮತ್ತೆ ನಾನು. ಯಾರಿಗೂ ದುಡ್ಡಿಲ್ಲ. ಮನೆಯವರು ಚಹಾ, ಕಲ್‌ಕಲ್ ಕೊಡುತ್ತಾರೆ. ಒಮ್ಮೊಮ್ಮೆ ಕುಂದಾ.

ಮೊದಲನೇ ವರ್ಷ ಹಾಳೆ ಹಂಚುವ ಕೆಲಸ ನನಗೇ ಬಂತು. ಅಂಗಡಿಯಲ್ಲಿ ಮಷಿನ್ ಇದೆ, ಅಲ್ವಾ. ಚರ್ಚಿನ ಹಳೆ ಕೀರ್ತನೆ ಪುಸ್ತಕದಿಂದ ‘ಸೈಲೆಂಟ್ ನೈಟ್’ ರಾಗವನ್ನು ನೀಟಾಗಿ ಒಂದು ಪುಟದಲ್ಲಿ ಬರೆದೆ. ಏಳು ಕಾಪಿ ಹೊಡೆದು ಎಲ್ಲರಿಗೂ ಅದನ್ನೇ ಕೊಟ್ಟೆ. ಒಂದು ಮನೆಯ ಗೇಟಿನ ಮುಂದೆ ನಿಂತು ಶುರು ಮಾಡಿದೆವು. ಎರಡು ಸಾಲು ಮುಗಿದಿತ್ತು. ಒಳಗಿಂದ ಬಂದ ಮನೆಯಾಕೆ ಅಂದರು: ‘ಟ್ಯೂನ್ ಮಾಡ್ಕೊಳ್ಳಾಕತ್ತೀರೇನ್ರೀ? ಮಾಡ್ಕೊಳ್ರಿ, ಅವಸರಿಲ್ಲ.’

ಕಾಕಾ ಟ್ರಾಂಬೋನ್ ಕೆಳಗಿಳಿಸಿ ನನ್ನ ಕಡೆ ನೋಡಿದರು. ‘ಒಂದ ಹಾಳಿ ಏಳು ಮಂದಿಗೆ ಕೊಟ್ರ ಹಿಂಗ ಆಗತೈತಿ, ತಮ್ಮಾ.’

ಹಾಳೆಯ ಮೇಲಿನ ‘ಸಿ’ ಸ್ವರ ಒಂದೇ, ಆದರೆ ವಾದ್ಯ ಬೇರೆಯಾದರೆ ಕೇಳುವ ಸ್ವರವೂ ಬೇರೆ. ಕಾಕಾ ಊದಿದರೆ ಅದು ಸಿ. ಟ್ರಂಪೆಟ್‌ನಲ್ಲಿ ಅದೇ ಬಿ-ಫ್ಲ್ಯಾಟ್ ಆಗಿ ಕೇಳುತ್ತದೆ. ಫ್ರೆಂಚ್ ಹಾರ್ನ್‌ನಲ್ಲಿ ಎಫ್, ಬ್ಯಾಂಕಿನ ಸಾಹೇಬ್ರ ಹಾರ್ನ್‌ನಲ್ಲಿ ಇ-ಫ್ಲ್ಯಾಟ್. ಭಜನೆಯಲ್ಲಿ ನಾಲ್ಕು ಜನ ನಾಲ್ಕು ಪೆಟ್ಟಿಗೆ ಹಿಡಿದು, ನಾಲ್ಕು ಪಟ್ಟಿಯಲ್ಲಿ ‘ಸಾ’ ಹಚ್ಚಿದರೆ ಹೇಗಿರುತ್ತದೋ ಹಾಗೆ.

ಆಮೇಲಿನ ಡಿಸೆಂಬರುಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೂರಲ್ಲೂ ಇಂಥ ನಾಲ್ಕೈದು ಜನ ಇದ್ದರೆ ಉಪಯೋಗಕ್ಕೆ ಬಂದೀತು.

ಹಾಡು ಯಾರದು?

ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ ಆಗಬಾರದು. ಪುಕ್ಕಟೆ ಹಂಚುವ ಮುಂಚೆ ಅದು ಹಂಚಬಹುದಾದ ಹಾಡು ಹೌದೋ ಅಲ್ಲವೋ ನೋಡಿ. ನಮ್ಮ ದೇಶದ ಲೆಕ್ಕ ಸುಲಭ. ರಾಗ ಕಟ್ಟಿದವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಕಳೆದಿರಬೇಕು. ‘ಸೈಲೆಂಟ್ ನೈಟ್’ ಮೊದಲು ಹಾಡಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಲ್ಲಿ. ರಾಗ ಕಟ್ಟಿದ ಗ್ರೂಬರ್ 1863ರಲ್ಲಿ ತೀರಿಕೊಂಡರು. ಚಿಂತೆಯೇ ಇಲ್ಲ. ‘ಜಿಂಗಲ್ ಬೆಲ್ಸ್’ 1857ರದ್ದು, ಅದೂ ಸರಿ. ಆದರೆ ‘ವೈಟ್ ಕ್ರಿಸ್‌ಮಸ್’ ಬರೆದ ಅರ್ವಿಂಗ್ ಬರ್ಲಿನ್ ಬದುಕಿದ್ದು 1989ರವರೆಗೆ. ಅದು ಎಷ್ಟೇ ಹಳೇದು ಅನ್ನಿಸಿದರೂ ಸದ್ಯಕ್ಕೆ ಮುಟ್ಟುವ ಹಾಗಿಲ್ಲ.

ಜಾಸ್ತಿ ಜನ ಎಡವೋದು ಬೇರೆ ಕಡೆ. ರಾಗ ಹಳೇದಾದರೂ ಅದನ್ನು ಬ್ಯಾಂಡಿಗೆ ಹೊಂದಿಸಿ ಬರೆದವರು ಇನ್ನೂ ಇರಬಹುದು. ಆ ಹೊಂದಿಕೆಯ ಹಕ್ಕು ಅವರದು. ಅಂಗಡಿಗೆ ವರ್ಷಕ್ಕೆ ಇಬ್ಬರಾದರೂ ಅಚ್ಚಾದ ಪುಸ್ತಕ ತಂದು ‘ಇದರಾಗಿನ ಇಪ್ಪತ್ ಪಾನಾ ಹೊಡೀರಿ’ ಅನ್ನುತ್ತಾರೆ. ನಾನು ಹೊಡೆಯುವುದಿಲ್ಲ. ಗಿರಾಕಿ ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾನೆ, ಹೋಗಲಿ. ಹಳೆ ಕೀರ್ತನೆ ಪುಸ್ತಕ ತೆಗೆದುಕೊಂಡು ನೀವೇ ಹೊಂದಿಸಿ. ಅದರಲ್ಲಿ ನಾಲ್ಕು ಧ್ವನಿ, ಅಂದರೆ ಒಟ್ಟಿಗೆ ಹಾಡುವ ನಾಲ್ಕು ಬೇರೆ ಬೇರೆ ಸಾಲು, ಮೊದಲೇ ಇರುತ್ತವೆ. ಮೇಲಿನದು ಒಂದನೇ ಟ್ರಂಪೆಟ್‌ಗೆ, ಎರಡನೆಯದು ಇನ್ನೊಂದು ಟ್ರಂಪೆಟ್ ಅಥವಾ ಕಾರ್ನೆಟ್‌ಗೆ, ಮೂರನೆಯದು ಹಾರ್ನ್‌ಗೆ, ಕೆಳಗಿನದು ಟ್ರಾಂಬೋನ್, ಯುಫೋನಿಯಂಗೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಊದುವ ವಿಷಯ ಬೇರೆ. ಟಿಕೆಟ್ ಇಲ್ಲದ ಜನರ ಮುಂದೆ ಹವ್ಯಾಸಿ ಸಂಘದವರು ಬಾರಿಸುವುದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಮದುವೆ ಮೆರವಣಿಗೆಗೂ ಇದೆ. ಆದರೆ ಅದು ಬಾರಿಸುವುದಕ್ಕೆ ಮಾತ್ರ. ಹಾಳೆ ಝೆರಾಕ್ಸ್ ಮಾಡಿ ಹಂಚುವುದಕ್ಕೆ ಅಲ್ಲ.

ಪಟ್ಟಿ ಮತ್ತು ಪಾರ್ಟು

ಇನ್ನು ಯಾವ ಪಟ್ಟಿಯಲ್ಲಿ, ಅಂದರೆ ಯಾವ ಶ್ರುತಿಯಲ್ಲಿ, ಬರೆಯಬೇಕು? ನಾನು ಬಿ-ಫ್ಲ್ಯಾಟ್ ಹಿಡಿಯುತ್ತೇನೆ. ಹಾರ್ಮೋನಿಯಂನವರ ಭಾಷೆಯಲ್ಲಿ ಕರಿ 5. ಆಗ ಟ್ರಂಪೆಟ್‌ನವರಿಗೆ ಹಾಳೆಯಲ್ಲಿ ಸಿ ಮೇಜರ್ ಕಾಣುತ್ತದೆ, ಒಂದೂ ಶಾರ್ಪ್ (ಸ್ವರ ಅರ್ಧ ಏರಿಸುವ ಗುರುತು) ಇಲ್ಲ, ಫ್ಲ್ಯಾಟ್ (ಅರ್ಧ ಇಳಿಸುವ ಗುರುತು) ಇಲ್ಲ. ಇ-ಫ್ಲ್ಯಾಟ್ ಹಾರ್ನ್‌ಗೆ ಒಂದು ಶಾರ್ಪ್, ಎಫ್ ಹಾರ್ನ್‌ಗೆ, ಅಂದರೆ ಫ್ರೆಂಚ್ ಹಾರ್ನ್‌ಗೆ, ಒಂದು ಫ್ಲ್ಯಾಟ್. ‘ಸೈಲೆಂಟ್ ನೈಟ್’ ಕೆಳಗಿಂದ ಮೇಲಕ್ಕೆ ಒಂದು ಸಪ್ತಕ ದಾಟಿ ಮಧ್ಯಮದ ತನಕ ಹೋಗುತ್ತದೆ. ಕರಿ 5ರಲ್ಲಿ ಬರೆದರೆ ಟ್ರಂಪೆಟ್‌ನ ಅತಿ ಮೇಲಿನ ಸ್ವರ ಐದನೇ ಗೆರೆಯ ಎಫ್, ಅತಿ ಕೆಳಗಿನದು ಗೆರೆಗಳ ಕೆಳಗಿನ ಸಿ. ಎರಡು ವರ್ಷ ಊದಿದವರಿಗೂ ನಿಲುಕುತ್ತದೆ. ಮದುವೆ ಬ್ಯಾಂಡಿನ ಅಣ್ಣನಿಗೆ ಇದು ಸಪ್ಪೆ. ಅವನಿಗೆ ಕೊನೆಯಲ್ಲಿ ಮೇಲಿನ ಸಿ ಹೊಡೆಯಲೇಬೇಕು. ಹೊಡೆಯಲಿ, ಆದರೆ ಹಾಳೆಯಲ್ಲಿ ಮಾತ್ರ ಬರೆಯುವುದಿಲ್ಲ. ಹಾಳೆ ಗುಂಪಿನ ಎಲ್ಲರಿಗಿಂತ ಹೊಸಬನಿಗೆ ಸರಿಹೋಗಬೇಕು.

ಪಾರ್ಟು, ಅಂದರೆ ಒಂದೊಂದು ವಾದ್ಯದ ಹಾಳೆ, ಬರೆಯುವಾಗ ಲೆಕ್ಕ ಹೀಗೆ. ಹಾರ್ಮೋನಿಯಂನ ಕರಿ-ಬಿಳಿ ಎಲ್ಲ ಮನೆ ಎಣಿಸಿ. ಬಿ-ಫ್ಲ್ಯಾಟ್ ಟ್ರಂಪೆಟ್, ಕಾರ್ನೆಟ್‌ಗೆ ಕೇಳುವ ಸ್ವರಕ್ಕಿಂತ 2 ಮನೆ ಮೇಲೆ ಬರೆಯಿರಿ. ಎಫ್ ಹಾರ್ನ್‌ಗೆ 7 ಮನೆ, ಇ-ಫ್ಲ್ಯಾಟ್ ಹಾರ್ನ್‌ಗೆ 9 ಮನೆ. ಯುಫೋನಿಯಂ ಟ್ರೆಬಲ್ ಕ್ಲೆಫ್‌ನಲ್ಲಿ (ಸಾಲಿನ ಮೊದಲಿಗೆ ಹಾಕುವ, ಮೇಲಿನ ಸ್ವರಗಳ ಗುರುತು) ಓದುವವರಿಗೆ 14 ಮನೆ. ಟ್ರಾಂಬೋನ್ ಬೇಸ್ ಕ್ಲೆಫ್‌ನಲ್ಲಿ (ಕೆಳಗಿನ ಸ್ವರಗಳ ಗುರುತು) ಇದ್ದದ್ದು ಇದ್ದ ಹಾಗೆ. ಯುಫೋನಿಯಂನವರಲ್ಲಿ ಎರಡು ಜಾತಿ: ಟ್ರೆಬಲ್ ಓದುವವರು, ಬೇಸ್ ಓದುವವರು. ಕೇಳುತ್ತ ಕೂರಬೇಡಿ, ಎರಡೂ ಮಾಡಿಬಿಡಿ.

ಇದನ್ನೆಲ್ಲ ಕೈಯಲ್ಲಿ ಮಾಡಬೇಕಿಲ್ಲ. ಮ್ಯೂಸ್‌ಸ್ಕೋರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ‘ಕಾನ್ಸರ್ಟ್ ಪಿಚ್’ ಗುಂಡಿ ಒತ್ತಿ, ಎಲ್ಲ ಧ್ವನಿಗಳನ್ನು ಕೇಳುವ ಸ್ವರದಲ್ಲೇ ಬರೆಯಿರಿ. ಮುಗಿದ ಮೇಲೆ ಅದೇ ಗುಂಡಿ ಮತ್ತೊಮ್ಮೆ ಒತ್ತಿ ಬಿಡಿಸಿ. ಒಂದೊಂದು ವಾದ್ಯದ ಹಾಳೆಯೂ ತಂತಾನೇ ಏರಿಳಿಯುತ್ತದೆ. ಆಮೇಲೆ ‘ಪಾರ್ಟ್ಸ್’ಗೆ ಹೋಗಿ ಒಂದೊಂದನ್ನೇ ಪಿಡಿಎಫ್ ತೆಗೆಯಿರಿ. ಒಂದೇ ಎಚ್ಚರಿಕೆ: ವಾದ್ಯ ಆರಿಸುವಾಗ ಸರಿಯಾದದ್ದನ್ನು ಆರಿಸಬೇಕು. ನಾನೊಮ್ಮೆ ಸಿ ಟ್ರಂಪೆಟ್ ಆರಿಸಿ, ಮಾಸ್ತರಿಗೆ ಮತ್ತೆ ಅದೇ ಹಳೆ ಕಥೆ ತಂದಿಟ್ಟಿದ್ದೆ.

ನಾಲ್ಕು ಧ್ವನಿ ಇದ್ದರೆ ಪ್ರತಿ ಧ್ವನಿಗೂ ಒಂದೇ ಹಾಳೆ ಸಾಲದು. ಇವತ್ತು ಹಾರ್ನ್‌ನವನು ಬರಲಿಲ್ಲ ಅಂದರೆ ಮೂರನೇ ಧ್ವನಿಯನ್ನು ಯಾರು ಊದಬೇಕು? ಅದಕ್ಕೇ ಮೂರನೇ ಧ್ವನಿ ಎಫ್‌ನಲ್ಲೂ ಇರಲಿ, ಇ-ಫ್ಲ್ಯಾಟ್‌ನಲ್ಲೂ ಇರಲಿ, ಟ್ರಾಂಬೋನ್‌ನ ಬೇಸ್ ಕ್ಲೆಫ್‌ನಲ್ಲೂ ಇರಲಿ. ಮೂರೇ ಜನ ಬಂದರೂ ಹಾಡು ಕುಂಟಬಾರದು.

ಓದಲು ಬಾರದವರೂ ಇರುತ್ತಾರೆ. ನಮ್ಮ ಟ್ರಂಪೆಟ್ ಅಣ್ಣ ಕಿವಿಯಿಂದ ಕಲಿತವನು. ಗಣಪತಿ ಕಳಿಸುವಾಗ ಕಪಿಲೇಶ್ವರ ಹೊಂಡದವರೆಗೆ ಹಾಳೆ ಇಲ್ಲದೆ ರಾತ್ರಿಯಿಡೀ ಊದುತ್ತಾನೆ. ಅವನಿಗೆ ಸ್ವರದ ಕೆಳಗೆ ಬೆರಳಿನ ನಂಬರು, ಅಂದರೆ ಯಾವ ವಾಲ್ವ್ ಒತ್ತಬೇಕೋ ಅದರ ನಂಬರು, ಹಾಕುತ್ತೇನೆ; 0 ಅಂದರೆ ಯಾವುದೂ ಒತ್ತಬೇಕಿಲ್ಲ. ಸಿ-ಗೆ 0, ಡಿ-ಗೆ 1-3, ಇ-ಗೆ 1-2, ಎಫ್-ಗೆ 1, ಜಿ-ಗೆ ಮತ್ತೆ 0. ಟ್ರೆಬಲ್ ಕ್ಲೆಫ್‌ನಲ್ಲಿ ಹೀಗೆ ಏರಿಸಿ ಬರೆದರೆ ಕಾರ್ನೆಟ್, ಇ-ಫ್ಲ್ಯಾಟ್ ಹಾರ್ನ್, ಯುಫೋನಿಯಂ, ಎಲ್ಲಕ್ಕೂ ಬೆರಳು ಒಂದೇ. ಮಾಸ್ತರು ನೆಗಡಿ ಅಂತ ಮಲಗಿದ ದಿನ ಬ್ಯಾಂಕಿನ ಸಾಹೇಬ್ರು ಕಾರ್ನೆಟ್ ಎತ್ತಿಕೊಂಡಿದ್ದು ಹೀಗೇ. ಇದರ ಜತೆ ನಿಧಾನ ಲಯದ ಒಂದು ಎಂಪಿ3 ಕಳಿಸಿದರೆ ಅಣ್ಣನ ಕೆಲಸ ಎರಡು ದಿನದಲ್ಲಿ ಮುಗಿಯುತ್ತದೆ.

ಅಂಗಡಿಯವನ ಮಾತು

ಇದು ನನ್ನ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಹಾಳೆಯ ಫೋಟೋ ಕಳಿಸಬೇಡಿ. ಮೂಲೆಯಲ್ಲಿ ಹೆಬ್ಬೆರಳು, ಅರ್ಧಕ್ಕೆ ಮೊಬೈಲಿನ ನೆರಳು, ಕೆಳಗಿನ ಸಾಲು ಸೊಟ್ಟ. ವಾಟ್ಸ್ಯಾಪ್ ಅದನ್ನು ಇನ್ನೂ ಹಿಂಡಿ ಕಳಿಸುತ್ತದೆ. ಪ್ರಿಂಟ್ ತೆಗೆದರೆ ಫ್ಲ್ಯಾಟ್ ಯಾವುದು, ಇರುವೆ ಯಾವುದು ಗೊತ್ತಾಗುವುದಿಲ್ಲ. ಪಿಡಿಎಫ್ ಮಾಡಿ, ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ.

ಫೈಲಿಗೆ ಸರಿಯಾದ ಹೆಸರಿಡಿ. ‘ಫೈನಲ್’, ‘ಫೈನಲ್ ಹೊಸದು’, ‘ಪಕ್ಕಾ ಫೈನಲ್’ ಬೇಡ. ಹಾಡು, ಧ್ವನಿ, ವಾದ್ಯ, ತಾರೀಖು ಇರಲಿ: ‘ಸೈಲೆಂಟ್‌ನೈಟ್ 2 ಬಿಫ್ಲ್ಯಾಟ್ ಡಿ12’. ತಾರೀಖನ್ನು ಹಾಳೆಯ ಕೆಳಮೂಲೆಯಲ್ಲೂ ಅಚ್ಚು ಮಾಡಿ. ನಾವೊಮ್ಮೆ ಕೊನೆಯ ಸಾಲು ಎರಡು ಸಲ ಅಂತ ಬದಲಿಸಿದ್ದೆವು. ಮೂವರ ಕೈಯಲ್ಲಿ ಹಳೆ ಹಾಳೆ ಉಳಿದಿತ್ತು. ಅವರು ನಿಲ್ಲಿಸಿದರು, ನಾವು ಮುಂದುವರಿದೆವು. ಫ್ರೆಂಚ್ ಹಾರ್ನ್ ಊದುವವನು ಎರಡೂ ಕಡೆಯವರ ನಡುವೆ ಸಿಕ್ಕಿ ನಗಲು ಶುರು ಮಾಡಿದ. ನಗುವ ತುಟಿಯಿಂದ ಹಾರ್ನ್ ಊದಲು ಆಗುವುದಿಲ್ಲ.

ಸಾಧ್ಯವಾದರೆ ಒಂದು ಹಾಡು ಒಂದೇ ಮಗ್ಗುಲಿಗೆ ಮುಗಿಯಲಿ. ಬೀದಿಯಲ್ಲಿ ನಿಂತವನಿಗೆ ಪುಟ ತಿರುಗಿಸಲು ಮೂರನೇ ಕೈ ಇಲ್ಲ. ಎ4ನ ಅರ್ಧ ಅಳತೆ ಸಾಕು, ಆದರೆ ಸ್ವರ ದಪ್ಪಗಿರಲಿ. ಬೀದಿ ದೀಪದ ಕೆಳಗೆ ಕಾಕಾನ ಕನ್ನಡಕಕ್ಕೆ ಕಾಣಬೇಕು. ಪ್ರತಿ ಸಾಲಿನ ಮೊದಲಿಗೆ ಬಾರ್ (ಅಡ್ಡಗೆರೆಗಳ ನಡುವಿನ ತಾಳದ ತುಂಡು) ನಂಬರ್ ಹಾಕಿ. ‘ಒಂಬತ್ತರಿಂದ’ ಅಂದರೆ ಎಲ್ಲರೂ ಒಂಬತ್ತರಿಂದಲೇ ಶುರು ಮಾಡಬೇಕು. ಲ್ಯಾಮಿನೇಶನ್ ಮಾತ್ರ ಬೇಡ. ಗಿರಾಕಿ ಕೇಳಿದರೆ ಮಾಡಿಕೊಡುತ್ತೇನೆ, ನನಗೇನು, ಲಾಭವೇ. ಆದರೆ ಟಾರ್ಚ್ ಬೆಳಕು ಬಿದ್ದರೆ ಹಾಳೆ ಕನ್ನಡಿಯಾಗುತ್ತದೆ. ಹಳೆ ಕ್ಯಾಲೆಂಡರಿನ ರಟ್ಟಿಗೆ ಅಂಟಿಸಿ, ಬಟ್ಟೆ ಕ್ಲಿಪ್ ಹಾಕಿ. ಗಾಳಿಗೂ ತಡೆಯುತ್ತದೆ.

ಹಾಳೆಯ ತಲೆಯ ಮೇಲೆ ಮೂರು ಸಾಲು ಬೇಕು: ರಾಗ ಯಾರದು, ಹೊಂದಿಸಿದವರು ಯಾರು, ಬೇರೆಯವರು ಏನು ಮಾಡಬಹುದು. ಮೂರನೆಯದಕ್ಕೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು (ಹಕ್ಕುದಾರರು ಎಲ್ಲರಿಗೂ ಮೊದಲೇ ಕೊಟ್ಟಿಡುವ ಅನುಮತಿ) ಅನುಕೂಲ. ಅದರಲ್ಲಿ ‘ಬದಲಿಸಿ ಹಂಚಬಾರದು’ ಅನ್ನುವ ಬಗೆಯೂ ಇದೆ. ನಮಗೆ ಅದು ದಂಡ, ಏಕೆಂದರೆ ಹಿತ್ತಾಳೆ ವಾದ್ಯದವರು ತಮ್ಮ ಪಟ್ಟಿಗೆ ಬದಲಿಸಿಯೇ ತೀರಬೇಕು. ‘ದುಡ್ಡಿಗೆ ಬಳಸಬಾರದು’ ಅನ್ನುವ ಬಗೆಯನ್ನು ಬ್ಯಾಂಕಿನ ಸಾಹೇಬ್ರು ಇಷ್ಟಪಟ್ಟರು. ನಾನು ಒಪ್ಪಲಿಲ್ಲ. ನಾಳೆ ನಮ್ಮ ಅಣ್ಣ ಇದೇ ಪೀಸನ್ನು ಒಂದು ಪಾರ್ಟಿಯಲ್ಲಿ ಊದಿ ಐನೂರು ರೂಪಾಯಿ ತಂದರೆ ತಪ್ಪೇನು? ಅವನ ಹೊಟ್ಟೆ ನಡೆಯುವುದೇ ಅದರಿಂದ. ಕೊನೆಗೆ ‘ಹೆಸರು ಹೇಳಿ, ಬದಲಿಸಿದರೆ ಅದನ್ನೂ ಹೀಗೇ ಹಂಚಿ’ ಅನ್ನುವ ಬಿವೈ-ಎಸ್‌ಎ ಬಗೆ ಹಾಕಿದೆವು.

ಪಿಡಿಎಫ್ ಜತೆ ಮ್ಯೂಸ್‌ಸ್ಕೋರ್ ಫೈಲನ್ನೂ, ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲನ್ನೂ ಕೊಡಿ. ಎರಡನೆಯದು ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುತ್ತದೆ. ಬರೀ ಪಿಡಿಎಫ್ ಕೊಟ್ಟರೆ ರೊಟ್ಟಿ ಕೊಟ್ಟಂತೆ, ಫೈಲ್ ಕೊಟ್ಟರೆ ಹಿಟ್ಟು ಕೊಟ್ಟಂತೆ. ವಿಜಯಪುರದ ಒಬ್ಬರು ನಮ್ಮ ಫೈಲ್ ತೆಗೆದುಕೊಂಡು ಸ್ಯಾಕ್ಸೋಫೋನ್ ಪಾರ್ಟು ಸೇರಿಸಿ ವಾಪಸ್ ಕಳಿಸಿದರು. ಜತೆಗೆ ಒಂದು ಸಾಲು: ‘ಮೂರನೇ ಧ್ವನಿ, ಏಳನೇ ಬಾರ್, ಎರಡನೇ ಸ್ವರ ತಪ್ಪೈತಿ ನೋಡ್ರಿ.’ ಹೌದು, ತಪ್ಪಿತ್ತು. ಎರಡು ಡಿಸೆಂಬರ್ ನಾವು ಅದನ್ನೇ ಊದಿದ್ದೆವು.

ಎಲ್ಲವನ್ನೂ ನವೆಂಬರ್ ಕೊನೆಗೇ ಕಳಿಸಿ. ಬೀದಿಗೆ ಇಳಿದ ಮೇಲೆ ಊದುವ ಮುಂಚೆ ಎರಡು ನಿಮಿಷ ವಾದ್ಯದೊಳಗೆ ಸುಮ್ನೆ ಬಿಸಿ ಉಸಿರು ಬಿಡಿ. ಚಳಿಗೆ ಹಿತ್ತಾಳೆ ವಾದ್ಯದ ಸ್ವರ ಇಳಿಯುತ್ತದೆ, ಪಕ್ಕದಲ್ಲಿ ಗಿಟಾರ್ ಇದ್ದರೆ ಗೊತ್ತಾಗಿಯೇ ಬಿಡುತ್ತದೆ.

ಮೊನ್ನೆ ಗೋವಾವೇಸ್ ಕಡೆಯ ಒಬ್ಬ ಹುಡುಗ ಅಂಗಡಿಗೆ ಬಂದಿದ್ದ. ಅವನ ಅಜ್ಜನ ಟ್ಯೂಬಾ ಅಟ್ಟದ ಮೇಲೆ ಸಿಕ್ಕಿದೆಯಂತೆ, ಎರಡನೇ ವಾಲ್ವ್ ಹಿಡಿಯುತ್ತದೆಯಂತೆ. ‘ನನಗೂ ಒಂದು ಹಾಳಿ ಕೊಡ್ರಿ ಅಣ್ಣಾ’ ಅಂದ. ಬಿ-ಫ್ಲ್ಯಾಟೋ ಇ-ಫ್ಲ್ಯಾಟೋ ಕೇಳಿದೆ. ಅವನಿಗೆ ಗೊತ್ತಿಲ್ಲ. ತಗೊಂಡು ಬಾ ಅಂದಿದ್ದೇನೆ.